ಹೆಸರು ಓದುವ ಕಷ್ಟ: ನಗೋಯಾದಿಂದ ಅಪ್ಪನಿಗೆ

ನಗೋಯಾ

ಪೂಜ್ಯ ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಜಪಾನಿನ ಅಕ್ಷರ ಕಲಿತ ಮೇಲೂ ಇಲ್ಲಿಯ ಜನರ ಹೆಸರು ಓದುವುದು ಏಕೆ ಕಷ್ಟವೆಂದು ಕೇಳಿದ್ದಿರಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನೀವು ಬರೆದ ಹೆಸರನ್ನು ಯಾವ ಮೇಷ್ಟ್ರು ಬಂದರೂ ಒಂದೇ ರೀತಿ ಓದುತ್ತಾರೆ. ಇಲ್ಲಿಯ ಕಾಂಜಿ ಅಕ್ಷರ ಅರ್ಥವನ್ನು ಹೇಳುತ್ತದೆ. ಉಚ್ಚಾರವನ್ನು ಆ ಮನುಷ್ಯನನ್ನೇ ಕೇಳಬೇಕು.

ಮನೆತನದ ಹೆಸರು ಮೊದಲು ಬರುತ್ತದೆ. ಅದು ಬೇಗ ಹಿಡಿತಕ್ಕೆ ಸಿಗುತ್ತದೆ: ತನಾಕ ಎಂದರೆ ಗದ್ದೆ, ನಡು, ಯಾಮಾದ ಎಂದರೆ ಬೆಟ್ಟ, ಗದ್ದೆ. ಅಲ್ಲೂ ತೊಡಕುಂಟು: ನಾಕಾಜಿಮ, ನಾಕಾಶಿಮ ಎರಡಕ್ಕೂ ಬರೆಯುವ ಅಕ್ಷರಗಳು ಒಂದೇ.

ಮಕ್ಕಳ ಹೆಸರಿನದೇ ದೊಡ್ಡ ಕಥೆ. ಯಾವ ಅಕ್ಷರ ಬಳಸಬಹುದೆಂಬುದಕ್ಕೆ ಸರ್ಕಾರದ ಪಟ್ಟಿಯಿದೆ: ನಿತ್ಯಬಳಕೆಯ 2,136, ಜೊತೆಗೆ ಹೆಸರಿಗೆಂದೇ ಒಪ್ಪಿದ ಎಂಟುನೂರಕ್ಕೂ ಹೆಚ್ಚು. ಓದುವ ಬಗೆಗೆ ಮಾತ್ರ ಅಂಥ ಕಟ್ಟು ಇರಲಿಲ್ಲ. ‘ದೊಡ್ಡದು’, ‘ಹಾರು’ ಎಂಬ ಎರಡೇ ಅಕ್ಷರ ಬರೆದು ಒಬ್ಬ ತಾಯಿ ಮಗನನ್ನು ಹಿರೋತೊ ಎಂದು ಕರೆದರೆ ಇನ್ನೊಬ್ಬಳು ಹಾರುತೊ ಎನ್ನುತ್ತಾಳೆ, ಮತ್ತೊಬ್ಬಳು ಯಾಮಾತೊ. ಕುಟುಂಬದ ನೋಂದಣಿಯಾದ ಕೋಸೆಕಿಯಲ್ಲಿ ಉಚ್ಚಾರವನ್ನೂ ದಾಖಲಿಸುವ ಕಾನೂನು ಜಾರಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ನನಗಂತೂ ಬಹಳ ಸಂತೋಷವಾಯಿತು. ಹೆತ್ತವರು ಕೂಗಿ ಕರೆದ ಹೆಸರು ಸರ್ಕಾರಿ ಪುಸ್ತಕದಲ್ಲಿ ಇರಬೇಕಾದದ್ದೇ.

ನಮ್ಮ ಆರೈಕೆ ಕೇಂದ್ರದಲ್ಲಿ ವಾತಾನಾಬೆ ಎಂಬ ಅಜ್ಜಿಯರು ಇಬ್ಬರಿದ್ದಾರೆ. ಕೊನೆಯ ಅಕ್ಷರವನ್ನು ಒಬ್ಬರು ಇಂದಿನ ಸರಳ ರೂಪದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಗೆರೆಗಳು ಒತ್ತೊತ್ತಾಗಿ ತುಂಬಿದ ಹಳೆಯ ರೂಪದಲ್ಲಿ. ಆ ಎರಡನೆಯವರು ಒಂದೊಂದು ಗೆರೆಯನ್ನೂ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ಕಲಿಸಿದರು. ದಿನದ ವರದಿಯಲ್ಲಿ ಅವರ ಹೆಸರನ್ನು ಪೂರ್ತಿಯಾಗಿಯೇ ಬರೆಯುತ್ತೇನೆ, ಎಷ್ಟೇ ಅವಸರವಿರಲಿ. ಹೊಸಬರು ಬಂದಾಗ ‘ಇದನ್ನು ಹೇಗೆ ಓದಬೇಕು?’ ಎಂದು ಮೊದಲೇ ಕೇಳುತ್ತೇನೆ. ಜಪಾನಿಯರೂ ತಮ್ಮತಮ್ಮಲ್ಲಿ ಹಾಗೆ ಕೇಳಿಕೊಳ್ಳುತ್ತಾರೆ, ಯಾರೂ ಬೇಸರಪಡುವುದಿಲ್ಲ.

ಚುನಾವಣೆಯ ಕೆಲಸಕ್ಕೆ ಎಷ್ಟೋ ಸಲ ಹೋದವರು ನೀವು, ಇದನ್ನು ಕೇಳಿ. ಇಲ್ಲಿ ಮತದಾರರು ಅಭ್ಯರ್ಥಿಯ ಹೆಸರನ್ನು ಚೀಟಿಯ ಮೇಲೆ ಪೆನ್ಸಿಲಿನಿಂದ ತಾವೇ ಬರೆಯುತ್ತಾರೆ. ಅದಕ್ಕಾಗಿ ಎಷ್ಟೋ ಅಭ್ಯರ್ಥಿಗಳು ಭಿತ್ತಿಪತ್ರಗಳಲ್ಲಿ ತಮ್ಮ ಹೆಸರನ್ನು ಕಾಂಜಿ ಬಿಟ್ಟು, ಉಚ್ಚಾರದಂತೆಯೇ ಬರೆಯುವ ಹಿರಾಗಾನದಲ್ಲಿ ಹಾಕಿಸುತ್ತಾರೆ. ಎಣಿಕೆಯ ಮೇಜಿನಲ್ಲಿ ಕುಳಿತವರ ಪಾಡನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು