ಮೆಗಾಪಿಕ್ಸೆಲ್ ಹೆಚ್ಚಿಸುವ ಮುನ್ನ ಆಲ್ಬಂ ಅಳತೆ ನೋಡಿ

ಮಾನ್ಯರೇ,

ಮದುವೆ ಸೀಸನ್ ಹತ್ತಿರವಾದಂತೆ ಸ್ಟುಡಿಯೊಗಳಲ್ಲಿ ಅದೇ ಚರ್ಚೆ: ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟ ಭಾಗ) ಕೊಟ್ಟು 45ರದ್ದು ಕೊಳ್ಳಬೇಕೇ? ಆಲ್ಬಂ ಕೆಲಸವೇ ಮುಖ್ಯವಾಗಿದ್ದರೆ ಬೇಕಿಲ್ಲ. ಆ ಹಣ ಲೆನ್ಸ್‌ಗೆ, ಫ್ಲ್ಯಾಷ್‌ಗೆ ಹೋಗಲಿ.

24 ಮೆಗಾಪಿಕ್ಸೆಲ್ ಚಿತ್ರದ ಅಳತೆ 6000×4000 ಪಿಕ್ಸೆಲ್, 45ರದ್ದು ಸುಮಾರು 8256×5504. ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾದರೂ ಉದ್ದದಲ್ಲಿ ಹೆಚ್ಚುವುದು ಶೇ 38ರಷ್ಟೇ. 12×36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಅರ್ಧ ಹಾಳೆಯನ್ನು, ಅಂದರೆ 12×18 ಇಂಚನ್ನು, ಒಂದೇ ಚಿತ್ರ ತುಂಬಿದರೂ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 5400×3600 ಸಾಕು. ಇಡೀ ಹಾಳೆಗೆ ಹರಡಿದರೆ ಇಂಚಿಗೆ 166 ಪಿಕ್ಸೆಲ್ ಸಿಗುತ್ತದೆ. ಕೈಯಳತೆ ದೂರದಲ್ಲಿಟ್ಟು ನೋಡುವವರಿಗೆ ಅದು ಕಡಿಮೆ ಅನಿಸುವುದಿಲ್ಲ.

ಹೆಚ್ಚಿನ ರೆಸಲ್ಯೂಷನ್ ತಾನಾಗಿ ಕೈಗೆ ಬರುವುದೂ ಇಲ್ಲ. ಪಿಕ್ಸೆಲ್ ಚಿಕ್ಕದಾದಷ್ಟೂ ಅದೇ ಕೈ ನಡುಕ ಹೆಚ್ಚು ಪಿಕ್ಸೆಲ್‌ಗಳಿಗೆ ಹರಡುತ್ತದೆ. 85 ಎಂಎಂ ಲೆನ್ಸಿನಲ್ಲಿ 1/100 ಸೆಕೆಂಡಿನ ಶಟರ್ ವೇಗ ಸಾಕಾಗುತ್ತಿದ್ದಲ್ಲಿ ಪೂರ್ತಿ ವಿವರ ಬೇಕೆಂದರೆ 1/200 ಇಡುವುದು ಕ್ಷೇಮ. ಮಂಟಪದ ಮಂದ ಬೆಳಕಿನಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 1600 ಇದ್ದದ್ದು ಆಗ 3200ಕ್ಕೆ ಏರುತ್ತದೆ. ಗ್ರೂಪ್ ಫೋಟೊಕ್ಕೆ ಲೆನ್ಸಿನ ರಂಧ್ರವನ್ನು ಎಫ್/16ಕ್ಕೆ ಕಿರಿದಾಗಿಸಿದರೆ, ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಸೂಕ್ಷ್ಮ ವಿವರ ಕರಗುತ್ತದೆ. ಎಫ್/8ಕ್ಕೇ ನಿಲ್ಲಿಸುವುದು ಒಳ್ಳೆಯದು. ಇಷ್ಟು ಮಾಡದಿದ್ದರೆ ಚಿತ್ರವೇನೂ ಕೆಡುವುದಿಲ್ಲ, ಹಳೆಯ ಬಾಡಿ ಕೊಡುತ್ತಿದ್ದಷ್ಟೇ ಸಿಗುತ್ತದೆ. ಮಾಡಿದ ಖರ್ಚು ಮಾತ್ರ ದಂಡ.

ಖರ್ಚು ಬಾಡಿಗೇ ಮುಗಿಯುವುದಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) 28 ಎಂಬಿಯಿಂದ 50 ಎಂಬಿ ಆಸುಪಾಸಿಗೆ ಏರಿದರೆ, 3,000 ಚಿತ್ರಗಳ ಮದುವೆಗೆ 84 ಜಿಬಿ ಬದಲು 150 ಜಿಬಿ ಬೇಕು. ಬ್ಯಾಕಪ್ ಸೇರಿದರೆ 300. 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಎಡಿಟಿಂಗ್‌ನಲ್ಲಿ ತೀರಾ ನಿಧಾನವಾಗಬಹುದು.

ಹಕ್ಕಿ ಚಿತ್ರ ತೆಗೆಯುವವರ ಲೆಕ್ಕ ಬೇರೆ. ರಂಗನತಿಟ್ಟಿನಲ್ಲಿ ದೂರದ ಕೊಕ್ಕರೆಯನ್ನು 1.5 ಪಟ್ಟು ಕ್ರಾಪ್ ಮಾಡಿದರೆ 24ರಲ್ಲಿ ಉಳಿಯುವುದು ಹತ್ತು ಚಿಲ್ಲರೆ ಮೆಗಾಪಿಕ್ಸೆಲ್, 45ರಲ್ಲಿ ಸುಮಾರು 20. ತಾಳೆಗರಿ, ಶಾಸನ, ಚಿತ್ರಕಲೆಗಳನ್ನು ಟ್ರೈಪಾಡ್ ಇಟ್ಟು ದಾಖಲಿಸುವವರಿಗೂ ಹೆಚ್ಚಿನ ಮೆಗಾಪಿಕ್ಸೆಲ್ ನಿಜವಾದ ಲಾಭ.

ಸಂದೇಹವಿದ್ದವರು ಒಂದು ದಿನ 45ರ ಬಾಡಿಯನ್ನು ಬಾಡಿಗೆಗೆ ತಂದು, ತಮ್ಮದೇ ಲೆನ್ಸ್ ಹಾಕಿ, ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆದು, 12×18 ಪ್ರಿಂಟ್ ಹಾಕಿಸಿ ನೋಡಲಿ. ಪರದೆಯಲ್ಲಿ ಶೇ 100 ಝೂಮ್ ಮಾಡಿ ಹೋಲಿಸಬಾರದು, ಎರಡೂ ಒಂದೇ ಗಾತ್ರದಲ್ಲಿ ಕಾಣುವುದಿಲ್ಲ.

ಪತ್ರಿಕೆಯಲ್ಲಿ ಹೊಸ ಕ್ಯಾಮೆರಾ ಪರಿಚಯಿಸುವಾಗ ಮೆಗಾಪಿಕ್ಸೆಲ್ ಜೊತೆಗೆ ರಾ ಫೈಲಿನ ಗಾತ್ರವನ್ನೂ 300 ಡಿಪಿಐನಲ್ಲಿ ಸಿಗುವ ಪ್ರಿಂಟ್ ಅಳತೆಯನ್ನೂ ದಯವಿಟ್ಟು ಪ್ರಕಟಿಸಿ.

– ಛಾಯಾಗ್ರಾಹಕ, ಹಾಸನ