ಶಬ್ದ ಕೇಳಿ ಚಿತ್ರ ಕಾಣದಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ

ಮಾನ್ಯ ಸಂಪಾದಕರೇ,

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಂಥ ಆಟದ ಹುಚ್ಚಿನವರಿಗೆ ಮಳೆಗಾಲವಿಡೀ ಕಂಪ್ಯೂಟರೇ ರಂಗಸ್ಥಳ. ಈ ಸಲ ಜೂನ್ ಮೊದಲ ವಾರದ ಒಂದು ರಾತ್ರಿ, ಚಂದಾ ಕಟ್ಟಿ ನೋಡುವ ತಾಣವೊಂದರಲ್ಲಿ ಪ್ರಸಂಗ ಹಾಕಿಕೊಂಡು ಕುಳಿತಾಗ ಭಾಗವತರ ಪದ ಕೇಳಿಸಿತು, ಚೆಂಡೆ ಮದ್ದಳೆಗಳೂ ಕೇಳಿಸಿದವು. ಆದರೆ ವೇಷಗಳು ಇರಬೇಕಾದ ಜಾಗದಲ್ಲಿ ಕಪ್ಪು ಚೌಕವಲ್ಲದೆ ಬೇರೇನೂ ಇರಲಿಲ್ಲ. ಉಚಿತವಾಗಿ ಸಿಗುವ ಬೇರೊಂದು ವಿಡಿಯೊ ತೆರೆದರೆ ಅದರ ಕೆಳಭಾಗದಲ್ಲಿ ದಪ್ಪನೆಯ ಹಸಿರು ಪಟ್ಟಿ ಕುಣಿಯುತ್ತಿತ್ತು. "ಆಟಕ್ಕೆ ದುಡ್ಡು ಕಟ್ಟಿದರೆ ವೇಷವಿಲ್ಲದ ತಾಳಮದ್ದಳೆ ಕೇಳಿಸುತ್ತಿದ್ದಾರಲ್ಲ" ಎಂದು ಮನೆಯವರು ನಕ್ಕರು.

ಸಿಡಿಲಿನ ದಿನಗಳಾದ್ದರಿಂದ ಡಿಸ್‌ಪ್ಲೇ ಕಾರ್ಡೇ ಸುಟ್ಟಿರಬೇಕೆಂದು ನೆರೆಮನೆಯವರು ಹೇಳಿದರು. ಮರುದಿನ ಪೇಟೆಯ ದುರಸ್ತಿ ಅಂಗಡಿಯೊಂದಕ್ಕೆ ಲ್ಯಾಪ್‌ಟಾಪ್ ಒಯ್ದರೆ ಅಲ್ಲಿಯೂ ಅದೇ ಮಾತು: ಕಾರ್ಡು ಬೋರ್ಡಿನಲ್ಲೇ ಸೇರಿಕೊಂಡಿರುವುದರಿಂದ ಇಡೀ ಬೋರ್ಡನ್ನು ಬದಲಿಸಬೇಕು, ₹9,000 ಆಗುತ್ತದೆ, ಬೇಡವೆಂದಾದರೆ ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಬಹುದು. 31 ವರ್ಷ ಗಣಿತ ಕಲಿಸಿದ ನನಗೆ ಒಂದು ಸಂಶಯ ಬಂತು. ಕಾರ್ಡು ಸುಟ್ಟದ್ದೇ ನಿಜವಾದರೆ ಅದೇ ಪರದೆಯಲ್ಲಿ ನಿಮ್ಮ ಪತ್ರಿಕೆಯ ಇ-ಆವೃತ್ತಿಯನ್ನು ಆ ದಿನ ಬೆಳಿಗ್ಗೆ ನಾನು ಓದಿದ್ದು ಹೇಗೆ? ಅಂಗಡಿಯವರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಲ್ಯಾಪ್‌ಟಾಪನ್ನು ಹಾಗೆಯೇ ಮರಳಿ ತಂದೆ.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲೇ ವಿವರಿಸಿದ ಮೇಲೆ ತಿಳಿದದ್ದೇನೆಂದರೆ, ಆ ಸಂಜೆ ಬ್ರೌಸರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿತ್ತು, ಅದರ ಜೊತೆಗೆ ವಿಡಿಯೊಗೆ ನೆರವಾಗುವ ಒಳಗಿನ ಮೀಡಿಯಾ ಪ್ಲಗ್-ಇನ್ ಎಂಬ ಪೂರಕ ತಂತ್ರಾಂಶ ಕೂಡ ಹೊಸದಾಗಿತ್ತು. ವಿಡಿಯೊ ನಮ್ಮಲ್ಲಿಗೆ ಬರುವುದು ಬಿಗಿಯಾಗಿ ಮಡಚಿದ ಗಂಟಿನ ಹಾಗೆ. ಅದನ್ನು ಸೆಕೆಂಡಿಗೆ 25 ಅಥವಾ 30 ಚಿತ್ರಗಳಂತೆ ಯಾರಾದರೂ ಬಿಚ್ಚಿ ಹರಡಬೇಕು. ಈ ದುಡಿಮೆಯನ್ನು ಮುಖ್ಯ ಪ್ರೊಸೆಸರೂ ಮಾಡಬಲ್ಲದು. ಆದರೆ ಗ್ರಾಫಿಕ್ಸ್ ಚಿಪ್ಪಿನಲ್ಲಿ ಅದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಇರುವುದರಿಂದ ಬ್ರೌಸರ್ ಸಾಮಾನ್ಯವಾಗಿ ಕೆಲಸವನ್ನು ಅಲ್ಲಿಗೆ ದಾಟಿಸುತ್ತದೆ. ಹಾರ್ಡ್‌ವೇರ್ ಆಕ್ಸಲರೇಷನ್ ಎಂದರೆ ಇದೇ. ಇವೆರಡರ ನಡುವಿನ ದುಭಾಷಿ ಡ್ರೈವರ್ ಎಂಬ ಚಿಕ್ಕ ತಂತ್ರಾಂಶ. ಬ್ರೌಸರ್ ಹೊಸ ರೀತಿಯಲ್ಲಿ ಮಾತನಾಡತೊಡಗಿ ದುಭಾಷಿ ಮಾತ್ರ ಹಳಬನಾಗಿಯೇ ಉಳಿದರೆ ಪರದೆ ಕಪ್ಪಾಗುತ್ತದೆ, ಹಸಿರಾಗುತ್ತದೆ, ಇಲ್ಲವೇ ಮಿನುಗತೊಡಗುತ್ತದೆ. ಶಬ್ದಕ್ಕೆ ಈ ದಾರಿಯ ಹಂಗಿಲ್ಲ. ಹಿಮ್ಮೇಳ ಒಂದು ಬಾಗಿಲಿನಿಂದ ಸುಸೂತ್ರವಾಗಿ ಒಳಗೆ ಬಂತು, ಮುಮ್ಮೇಳ ಇನ್ನೊಂದು ಬಾಗಿಲಿನಲ್ಲಿ ಸಿಕ್ಕಿಕೊಂಡಿತು ಎನ್ನಬಹುದು. ನನ್ನ ಲ್ಯಾಪ್‌ಟಾಪಿಗೆ ಎಂಟು ವರ್ಷ. ಅದರ ಗ್ರಾಫಿಕ್ಸ್ ಡ್ರೈವರನ್ನು ಕೊಂಡ ದಿನದಿಂದ ಯಾರೂ ಮುಟ್ಟಿರಲಿಲ್ಲ. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ.

ಪರಿಹಾರಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಮೊದಲು ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಬೇಕು, ಏಕೆಂದರೆ ಅಪ್‌ಡೇಟ್ ಅರ್ಧದಲ್ಲಿ ನಿಂತಿರುವುದೂ ಉಂಟು. ಅದರಿಂದ ಸರಿಹೋಗದಿದ್ದರೆ ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್ ಎಂಬ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಎಂದಿರುವ ಗುಂಡಿಯನ್ನು ಆಫ್ ಮಾಡಿ, ಪಕ್ಕದಲ್ಲೇ ಕಾಣಿಸುವ ರೀಲಾಂಚ್ ಒತ್ತಬೇಕು. ಫೈರ್‌ಫಾಕ್ಸ್‌ನಲ್ಲಿ ಇದು ಸ್ವಲ್ಪ ಅಡಗಿದೆ: ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಕೆಳಕ್ಕೆ ಹೋದರೆ ಪರ್ಫಾರ್ಮೆನ್ಸ್ ಎಂದಿರುತ್ತದೆ, ಅಲ್ಲಿ ಶಿಫಾರಸು ಮಾಡಿದ ಸೆಟ್ಟಿಂಗ್ ಎಂಬುದರ ಗುರುತನ್ನು ತೆಗೆದರೆ ಮಾತ್ರ ಹಾರ್ಡ್‌ವೇರ್ ಆಕ್ಸಲರೇಷನ್‌ನ ಚೌಕ ಹೊರಗೆ ಬರುತ್ತದೆ. ಅದರ ಗುರುತನ್ನೂ ತೆಗೆದು ಬ್ರೌಸರನ್ನು ಮತ್ತೆ ತೆರೆಯಬೇಕು. ನಾನು ಹಾಗೆ ಮಾಡಿದ ಕೂಡಲೇ ಪರದೆಯಲ್ಲಿ ಕಿರೀಟ ಕಂಡಿತು.

ಆದರೆ ಇದನ್ನು ಶಾಶ್ವತವಾಗಿ ಹಾಗೆಯೇ ಬಿಡಬಾರದು. ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುವುದರಿಂದ ಯಂತ್ರ ಬಿಸಿಯಾಗುತ್ತದೆ, ಫ್ಯಾನಿನ ಸದ್ದು ಭಾಗವತಿಕೆಯನ್ನೂ ಮೀರಿಸುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಅಥವಾ ಗ್ರಾಫಿಕ್ಸ್ ಚಿಪ್ ತಯಾರಕರ ಅಧಿಕೃತ ತಾಣದಿಂದಲೇ ಹೊಸ ಡ್ರೈವರ್ ಇಳಿಸಿಕೊಂಡು, ಆಫ್ ಮಾಡಿದ ಗುಂಡಿಯನ್ನು ಮತ್ತೆ ಆನ್ ಮಾಡುವುದು ಸರಿಯಾದ ಕ್ರಮ. ನನ್ನಲ್ಲಿ ಈಗ ಅದು ಆನ್ ಆಗಿಯೇ ಇದೆ, ಚಿತ್ರವೂ ಬರುತ್ತಿದೆ.

ಇದರ ಬೆನ್ನಿಗೇ ನಮ್ಮ ಬೀದಿಯ ಗೆಳೆಯರೊಬ್ಬರಿಗೆ ಹೊರನೋಟಕ್ಕೆ ಅಂಥದೇ ತೊಂದರೆ ಬಂದಾಗ ನನ್ನ ಮದ್ದು ಕೆಲಸ ಮಾಡಲಿಲ್ಲ. ಅವರಲ್ಲಿ ಉಚಿತ ವಿಡಿಯೊಗಳೆಲ್ಲ ಚೆನ್ನಾಗಿದ್ದವು, ಹಣ ಕೊಟ್ಟು ನೋಡುವಂಥವು ಮಾತ್ರ ಕಪ್ಪಾಗಿದ್ದವು. ಈ ವ್ಯತ್ಯಾಸವೇ ಮುಖ್ಯವಾದ ಸುಳಿವು. ಹಣ ಪಡೆಯುವ ತಾಣಗಳು ನಕಲು ತಡೆಯಲು ವಿಡಿಯೊಗೆ ಡಿಆರ್‌ಎಂ ಎಂಬ ಬೀಗ ಹಾಕಿರುತ್ತವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಆ ಬೀಗ ತೆರೆಯುವುದು ಗೂಗಲ್‌ನ ವೈಡ್‌ವೈನ್ ಎಂಬ ಪ್ಲಗ್-ಇನ್. ಫೈರ್‌ಫಾಕ್ಸ್‌ನಲ್ಲಿ ಡಿಆರ್‌ಎಂ ವಿಡಿಯೊ ತೋರಿಸು ಎಂಬ ಗುರುತನ್ನು ತೆಗೆದರೆ ಹಳೆಯ ವೈಡ್‌ವೈನ್ ಅಳಿಸಿಹೋಗುತ್ತದೆ, ಮತ್ತೆ ಹಾಕಿದರೆ ಹೊಸದಾಗಿ ಇಳಿದು ಬರುತ್ತದೆ. ಗೆಳೆಯರಿಗೆ ಅದರಿಂದಲೂ ಪ್ರಯೋಜನವಾಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಮೇಜಿನ ಹಿಂಬದಿಯಲ್ಲಿ. ಅವರು ದೊಡ್ಡ ಪರದೆಯನ್ನು ಜೋಡಿಸಿದ್ದುದು ನೀಲಿ ತುದಿಯ ಹಳೆಯ ವಿಜಿಎ ಕೇಬಲಿನಲ್ಲಿ. ನಕಲು ತಡೆಯುವ ಎಚ್‌ಡಿಸಿಪಿ ಎಂಬ ವ್ಯವಸ್ಥೆ ಎಚ್‌ಡಿಎಂಐ ಕೇಬಲಿನಲ್ಲಿ ಸಾಗುತ್ತದೆಯೇ ಹೊರತು ವಿಜಿಎಯಲ್ಲಿ ಸಾಗುವುದಿಲ್ಲ. ಕೆಲವು ತಾಣಗಳು ಅಂಥ ಪರದೆಗೆ ಕಡಿಮೆ ಗುಣಮಟ್ಟದ ಚಿತ್ರ ಕಳುಹಿಸುತ್ತವೆ, ಕೆಲವು ಚಿತ್ರವನ್ನೇ ಕಳುಹಿಸುವುದಿಲ್ಲ. ಕೇಬಲ್ ಬದಲಾದ ಮೇಲೆ ಅವರ ದೂರು ಮುಗಿಯಿತು.

ಇಂಥ ಕಾಟ ಹೊಸದಲ್ಲ. ಆಗ ಬ್ರೌಸರಿನಲ್ಲಿ ವಿಡಿಯೊ ತೋರಿಸುತ್ತಿದ್ದ ಪ್ಲಗ್-ಇನ್ ಆದ, 2010ರಲ್ಲಿ ಬಂದ ಫ್ಲ್ಯಾಶ್ ಪ್ಲೇಯರ್ 10.1 ವಿಂಡೋಸ್‌ನಲ್ಲಿ ವಿಡಿಯೊ ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸತೊಡಗಿದಾಗಲೂ ಹಳೆಯ ಡ್ರೈವರ್ ಇದ್ದ ಕಂಪ್ಯೂಟರ್‌ಗಳಲ್ಲಿ ಚಿತ್ರ ಹಾಳಾದದ್ದುಂಟು. ಆಗ ವಿಡಿಯೊ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೆಟ್ಟಿಂಗ್ಸ್ ತೆರೆದು, ಮೊದಲ ಪುಟದಲ್ಲಿದ್ದ ಇದೇ ಗುರುತನ್ನು ತೆಗೆಯಬೇಕಿತ್ತು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾನೇ ಅದನ್ನು ಎಷ್ಟು ಸಲ ಮಾಡಿದ್ದೆನೋ ಲೆಕ್ಕವಿಲ್ಲ. ಈಗ ನೆನಪಾಗದೆ ಅಂಗಡಿಗೆ ಓಡಿದ್ದು ವಯಸ್ಸಿನ ದೋಷವಿರಬೇಕು.

ಆ ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದರಲ್ಲಿ ಯಾವ ಚಿತ್ರವೂ ಓಡದಂತೆ ತಡೆಯಿತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಚಿತ್ರ ಬಾರದಿದ್ದಾಗ ಗಾಬರಿಯಿಂದ ಅಲ್ಲಿ ಇಲ್ಲಿ ಒತ್ತುವವರ ಮುಂದೆ "ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಅಪ್‌ಡೇಟ್ ಮಾಡಿ" ಎಂಬ ಚೀಟಿ ಬಂದರೆ ಅದನ್ನು ವಂಚನೆಯೆಂದೇ ತಿಳಿಯಬೇಕು. ಅಪ್‌ಡೇಟ್ ಮಾಡಲು ಅಂಥದೊಂದು ಪ್ಲೇಯರೇ ಈಗ ಇಲ್ಲ. ಇಂದಿನ ಪ್ಲಗ್-ಇನ್‌ಗಳನ್ನು ಬ್ರೌಸರೇ ನವೀಕರಿಸಿಕೊಳ್ಳುತ್ತದೆ, ಯಾವ ತಾಣವೂ ಅದಕ್ಕಾಗಿ ನಮ್ಮನ್ನು ಕೇಳಬೇಕಾಗಿಲ್ಲ. ಸರಿಪಡಿಸಿಕೊಡುತ್ತೇವೆಂದು ಅಪರಿಚಿತರು ಕರೆ ಮಾಡಿ, ನಮ್ಮ ಪರದೆ ತಮಗೆ ಕಾಣುವಂಥ ಆ್ಯಪ್ ಹಾಕಿಸಲು ಹೊರಟರೆ ಫೋನ್ ಇಟ್ಟುಬಿಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ಮನೆಯಲ್ಲಿ ಇಬ್ಬರೇ ಹಿರಿಯರು ಉಳಿದಿರುವ ಸಂಸಾರಗಳು ನಮ್ಮ ಉಡುಪಿಯ ಸುತ್ತಮುತ್ತ ಬೇಕಾದಷ್ಟಿವೆ. ಅವರು ಅಂಗಡಿಯವರ ಮಾತನ್ನು ನಂಬದೆ ಬೇರೆ ದಾರಿಯಿಲ್ಲ. ಆದ್ದರಿಂದ ದುರಸ್ತಿ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬೋರ್ಡು ಹೋಗಿದೆ ಎನ್ನುವ ಮೊದಲು ಈ ಒಂದು ಗುಂಡಿಯನ್ನು ಆಫ್ ಮಾಡಿ ನೋಡಿ, ಬೇರೊಂದು ಬ್ರೌಸರಿನಲ್ಲಿ ಅದೇ ವಿಡಿಯೊ ಹಾಕಿ ನೋಡಿ, ಮತ್ತು ಯಾವ ಸೆಟ್ಟಿಂಗ್ ಬದಲಿಸಿದಿರೆಂದು ಬಿಲ್ಲಿನ ಹಿಂಬದಿಯಲ್ಲಿ ಒಂದು ಸಾಲು ಬರೆದುಕೊಡಿ. ಗಿರಾಕಿಗಳೂ ಅಷ್ಟೇ, ಫೋಟೊಗಳನ್ನು ಬೇರೆ ಕಡೆ ಉಳಿಸಿಕೊಳ್ಳದೆ ಫಾರ್ಮ್ಯಾಟ್‌ಗೆ ಒಪ್ಪಬಾರದು.

ತಮ್ಮ ಪತ್ರಿಕೆಯೂ ಮಳೆಗಾಲ ಮುಗಿಯುವುದರೊಳಗೆ ಈ ಮೆನುಗಳ ಚಿತ್ರಗಳನ್ನು ಕನ್ನಡ ವಿವರಣೆಯೊಂದಿಗೆ ಅರ್ಧ ಪುಟದಲ್ಲಿ ಅಚ್ಚು ಹಾಕಿದರೆ, ಕತ್ತರಿಸಿ ಕಂಪ್ಯೂಟರಿನ ಬಳಿ ಅಂಟಿಸಿಕೊಳ್ಳುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.

ಇತಿ,
ನಿವೃತ್ತ ಗಣಿತ ಅಧ್ಯಾಪಕ,
ಕುಂಜಿಬೆಟ್ಟು, ಉಡುಪಿ