ಯಾರೊಸ್ಲಾವನ ಹೆಣ್ಣುಮಕ್ಕಳು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫ್ರಾನ್ಸಿನ ಸಾನ್ಲಿಸ್ ಊರಿನಿಂದ ನೀನು ಕಳಿಸಿದ ಪ್ರತಿಮೆಯ ಫೋಟೊ ನೋಡಿದೆ. "ಕೀವ್‌ನ ಅನ್ನಾ ಅಂತೆ, ಫ್ರಾನ್ಸಿಗೆ ರಾಣಿಯಾಗಿದ್ದಳಂತೆ, ಅಷ್ಟು ದೂರದಿಂದ ಯಾಕೆ ತಂದರಮ್ಮಾ?" ಎಂದು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಅದಕ್ಕೇ ಈ ಪತ್ರ. ಅವಳ ಅಪ್ಪನಿಂದ ಶುರು ಮಾಡುತ್ತೇನೆ, ಸ್ವಲ್ಪ ಸಹಿಸಿಕೋ.

ಅಪ್ಪನ ಹೆಸರು ಯಾರೊಸ್ಲಾವ್. 988ರ ಹೊತ್ತಿಗೆ ಕೀವ್‌ನ ಜನರನ್ನು ಕ್ರೈಸ್ತರನ್ನಾಗಿ ಮಾಡಿದ ವ್ಲಾದಿಮಿರನ ಮಗ. ಇತಿಹಾಸ ಇವನನ್ನು "ವಿವೇಕಿ" ಎಂದು ಕರೆಯುತ್ತದೆ. ಆದರೆ ಅವನು ಶುರು ಮಾಡಿದ್ದು ಅಪ್ಪನ ಜೊತೆ ದುಡ್ಡಿನ ಜಗಳದಿಂದ. ಉತ್ತರದ ನೊವ್ಗೊರೊದ್ ಪಟ್ಟಣವನ್ನು ಅಪ್ಪ ಇವನ ಕೈಗೆ ಕೊಟ್ಟಿದ್ದ. ವರ್ಷಕ್ಕೆ 2000 ಗ್ರಿವ್ನಾ ಬೆಳ್ಳಿ ಕೀವ್‌ಗೆ ಕಳಿಸಬೇಕಿತ್ತು. 1014ರಲ್ಲಿ ಇವನು ಕೊಡುವುದಿಲ್ಲ ಎಂದ. ಅಪ್ಪ ಮಗನ ಮೇಲೆ ದಂಡೆತ್ತಲು ರಸ್ತೆ, ಸೇತುವೆ ಸರಿಮಾಡಿಸತೊಡಗಿದ. ಅಷ್ಟರಲ್ಲಿ ಕಾಯಿಲೆ ಬಿದ್ದು 1015ರಲ್ಲಿ ತೀರಿಕೊಂಡ.

ಆಮೇಲೆ ಅಣ್ಣತಮ್ಮಂದಿರ ಹೊಡೆದಾಟ. ಬೋರಿಸ್, ಗ್ಲೆಬ್ ಎಂಬ ಇಬ್ಬರು ತಮ್ಮಂದಿರು ಕೊಲೆಯಾದರು. ಆ ಪಾಪವನ್ನು ವೃತ್ತಾಂತಗಳು ಸ್ವ್ಯಾತೊಪೊಲ್ಕ್ ಎಂಬ ಅಣ್ಣನ ತಲೆಗೆ ಕಟ್ಟಿವೆ. ಗೆದ್ದವರ ಕಡೆಯವರು ಬರೆದದ್ದು ಎಂಬುದನ್ನು ಮರೆಯಬೇಡ. ಯಾರೊಸ್ಲಾವ್ ಕುಂಟ. 1016ರಲ್ಲಿ ದ್ನೀಪರ್ ನದಿಯ ಎರಡು ದಡದಲ್ಲಿ ಸೇನೆಗಳು ನಿಂತಿದ್ದಾಗ ಎದುರಿನ ಸೇನಾಪತಿ, "ಈ ಕುಂಟನ ಜೊತೆ ಯಾಕೆ ಬಂದಿರಿ, ಬಡಗಿಗಳಾ? ನಿಮ್ಮ ಕೈಲಿ ನಮ್ಮ ಮನೆ ಕಟ್ಟಿಸುತ್ತೇವೆ" ಎಂದು ಅಣಕಿಸಿದನಂತೆ. ಆ ಬಡಗಿಗಳೇ ಗೆದ್ದರು. ಆದರೆ 1018ರಲ್ಲಿ ಪೋಲೆಂಡಿನ ಬೊಲೆಸ್ಲಾವ್ ಅಳಿಯ ಸ್ವ್ಯಾತೊಪೊಲ್ಕನ ಪರ ಬಂದು ಕೀವ್ ಹಿಡಿದ. ಯಾರೊಸ್ಲಾವ್ ನೊವ್ಗೊರೊದ್‌ಗೆ ಓಡಿಬಂದು, ಅಲ್ಲಿಂದ ಸಮುದ್ರ ದಾಟಿ ಪರಾರಿಯಾಗಲು ಹೊರಟ. ಊರಿನವರು ಅವನ ದೋಣಿಗಳನ್ನು ಕಡಿದು ಹಾಕಿದರು! ಮನೆಮನೆಯಿಂದ ಹಣ ಎತ್ತಿ ಸೇನೆ ಕಟ್ಟಿಕೊಟ್ಟು, ವಾಪಸ್ ಹೋಗಿ ಹೋರಾಡು ಎಂದರು. ನನಗಂತೂ ಇವನ ವಿವೇಕದ ಅರ್ಧ ಪಾಲು ಆ ಊರಿನವರಿಗೆ ಸೇರಬೇಕು ಅನ್ನಿಸುತ್ತದೆ.

1019ರಲ್ಲಿ ಕೀವ್ ಕೈಸೇರಿತು. ಅದೇ ಹೊತ್ತಿಗೆ ಮದುವೆ. ಹೆಂಡತಿ ಇಂಗೆಗೆರ್ಡ್, ಸ್ವೀಡನ್ನಿನ ರಾಜ ಒಲೋಫನ ಮಗಳು. ಅವಳಿಗೆ ಮೊದಲು ನಾರ್ವೆಯ ರಾಜ ಓಲಾವ್ ಜೊತೆ ಮಾತುಕತೆ ಆಗಿತ್ತು, ಅಪ್ಪ ಮುರಿದ. ಈ ಹೆಣ್ಣುಮಗಳು ಸುಮ್ನೆ ತಲೆತಗ್ಗಿಸಿ ಬಂದವಳಲ್ಲ. ಲಾಡೋಗಾ ಕೋಟೆಯೂರನ್ನು ತನ್ನ ಹೆಸರಿಗೆ ಬರೆಸಿಕೊಂಡು, ಅಲ್ಲಿನ ಆಡಳಿತಕ್ಕೆ ತನ್ನ ನೆಂಟನನ್ನು ಕೂರಿಸಿದಳು. ಉತ್ತರದ ಸಾಗಾ ಕಥೆಗಳಲ್ಲಿ ಒಂದು ಪ್ರಸಂಗವಿದೆ. ಯಾರೊಸ್ಲಾವ್ ತನ್ನ ಹೊಸ ಸಭಾಂಗಣ ತೋರಿಸಿ, ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ, ಆದರೆ ಓಲಾವನದು ಇನ್ನೂ ಚೆನ್ನ ಎಂದಳು. ಅವನು ಕೆನ್ನೆಗೆ ಹೊಡೆದ. ಅವಳು ಮನೆ ಬಿಟ್ಟು ಹೊರಡುತ್ತೇನೆ ಎಂದು ನಿಂತಳು. ಕೊನೆಗೆ ರಾಜಿಯಾದದ್ದು ಅವಳ ಷರತ್ತಿಗೆ: ಆ ಓಲಾವನ ಮಗ ಮಾಗ್ನುಸ್‌ನನ್ನು ನಮ್ಮ ಮನೆಯಲ್ಲಿ ಬೆಳೆಸಬೇಕು. ಕಥೆಗೆ ಬಣ್ಣ ಬಳಿದಿರಬಹುದು. ಆದರೆ ಮಾಗ್ನುಸ್ ಅವರ ಆಶ್ರಯದಲ್ಲಿ ಇದ್ದದ್ದು, ಮುಂದೆ ನಾರ್ವೆಗೆ ರಾಜನಾದದ್ದು ನಿಜ.

ಈಗ ನನಗೆ ಸಿಟ್ಟು ಬರುವ ವಿಷಯ. ಕೀವ್‌ನ ಸನ್ಯಾಸಿಗಳು ಬರೆದ ವೃತ್ತಾಂತ ವರ್ಷವರ್ಷದ ಲೆಕ್ಕ ಇಡುತ್ತದೆ. 1020ರಲ್ಲಿ ಮಗ ವ್ಲಾದಿಮಿರ್ ಹುಟ್ಟಿದ, 1024ರಲ್ಲಿ ಇಜ್ಯಾಸ್ಲಾವ್, 1027ರಲ್ಲಿ ಸ್ವ್ಯಾತೊಸ್ಲಾವ್, 1030ರಲ್ಲಿ ವ್ಸೆವೊಲೊದ್. ಹೆಣ್ಣುಮಕ್ಕಳು ಹುಟ್ಟಿದ ಸುದ್ದಿ ಒಂದೂ ಇಲ್ಲ. ಮೂವರು ಮಕ್ಕಳು ಮೂರು ದೇಶಕ್ಕೆ ರಾಣಿಯರಾದರು, ಆ ಮದುವೆಗಳ ಬಗ್ಗೆಯೂ ಒಂದು ಸಾಲಿಲ್ಲ. ಯಾರೊಸ್ಲಾವನ ತಂಗಿಯನ್ನು ಪೋಲೆಂಡಿನ ಕಾಜಿಮಿರನಿಗೆ ಕೊಟ್ಟದ್ದು ಮಾತ್ರ ಬರೆದಿದ್ದಾರೆ. ಯಾಕೆ ಗೊತ್ತಾ? ಅವನು ಕನ್ಯಾಶುಲ್ಕವಾಗಿ 800 ಸೆರೆಯಾಳುಗಳನ್ನು ವಾಪಸ್ ಕೊಟ್ಟ. ಲೆಕ್ಕ ಬಂತು, ಬರೆದರು. ಮಗಳಂದಿರ ಬಗ್ಗೆ ನಮಗೆ ತಿಳಿದದ್ದೆಲ್ಲ ಅವರು ಹೋಗಿ ಸೇರಿದ ಊರುಗಳ ಕಡತಗಳಿಂದ.

ಎಲಿಸವೇತಾಳನ್ನು ನಾರ್ವೆಯ ಹರಾಲ್ದ್ ಕೇಳಿದ್ದ. ಆಗ ಅವನು ಸೋತು ಓಡಿಬಂದ ಹುಡುಗ, ಕೈಯಲ್ಲಿ ಕಾಸಿಲ್ಲ. ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಚಕ್ರವರ್ತಿಯ ಕೂಲಿ ಸೈನಿಕನಾಗಿ ದುಡಿದ ಚಿನ್ನವನ್ನೆಲ್ಲ ಇದೇ ಯಾರೊಸ್ಲಾವನ ಬಳಿ ಇಡಲು ಕಳಿಸುತ್ತಿದ್ದನಂತೆ. ಆಮೇಲೆ ಮದುವೆಯಾಯಿತು. ಅನಸ್ತಾಸಿಯಾಳ ಗಂಡ ಹಂಗೇರಿಯ ಆಂದ್ರಾಶ್. ಅವನೂ ಊರು ಬಿಟ್ಟು ಕೀವ್‌ನಲ್ಲಿ ತಲೆಮರೆಸಿಕೊಂಡಿದ್ದವನೇ, 1046ರಲ್ಲಿ ರಾಜನಾದ. ನೆಲೆ ಕಳೆದುಕೊಂಡ ರಾಜಕುಮಾರರಿಗೆ ಊಟ ಹಾಕಿ, ಮಗಳನ್ನು ಕೊಟ್ಟು, ಅವರು ಸಿಂಹಾಸನ ಹತ್ತುವುದನ್ನು ಕಾಯುವುದು. ಈ ಮಾವನ ಲೆಕ್ಕಾಚಾರ ಸಣ್ಣದಲ್ಲ, ಅಲ್ವಾ?

ನಿನ್ನ ಅನ್ನಾಳದು ಬೇರೆ ಕಥೆ. ಫ್ರಾನ್ಸಿನ ಒಂದನೇ ಹೆನ್ರಿಯ ಮೊದಲ ಹೆಂಡತಿ ಸತ್ತಿದ್ದಳು, ಗಂಡುಮಗ ಇರಲಿಲ್ಲ. ಆಗಿನ ಚರ್ಚು ಏಳು ತಲೆಮಾರಿನೊಳಗಿನ ನೆಂಟರನ್ನು ಮದುವೆಯಾಗಬಾರದು ಎನ್ನುತ್ತಿತ್ತು. ಸುತ್ತಲಿನ ರಾಜಮನೆತನಗಳೆಲ್ಲ ಒಂದಲ್ಲ ಒಂದು ರೀತಿ ನೆಂಟರೇ. ದೂರದ ಹೆಣ್ಣು ಹುಡುಕಲು ಅದೂ ಒಂದು ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ. ಬಿಷಪ್ಪರನ್ನು ಕೀವ್‌ಗೆ ಕಳಿಸಿದ. 1051ರಲ್ಲಿ ರಾನ್ಸ್ ಊರಿನಲ್ಲಿ ಮದುವೆ. ಮರುವರ್ಷ ಗಂಡುಮಗು. ಅವನಿಗೆ ಫಿಲಿಪ್ ಎಂದು ಹೆಸರಿಟ್ಟರು. ಗ್ರೀಕ್ ಹೆಸರು, ಅಲ್ಲಿಯವರೆಗೆ ಫ್ರಾನ್ಸಿನ ರಾಜರಲ್ಲಿ ಯಾರಿಗೂ ಇರಲಿಲ್ಲ.

1060ರಲ್ಲಿ ಹೆನ್ರಿ ಸತ್ತ. ಫಿಲಿಪ್‌ಗೆ ಎಂಟು ವರ್ಷ. ಅವನ ಹೆಸರಿನ ಕಾಗದಪತ್ರಗಳಲ್ಲಿ ಅಮ್ಮನ ಹೆಸರೂ ಬರತೊಡಗಿತು. 1063ರ ಒಂದು ದಾನಪತ್ರ ಉಳಿದಿದೆ, ಸ್ವಾಸ್ಸೋನ್ ಊರಿನ ಮಠಕ್ಕೆ ಕೊಟ್ಟದ್ದು. ಅದರಲ್ಲಿ ಮಗನದು ಶಿಲುಬೆ ಗುರುತು. ಅದರ ಪಕ್ಕ ತವರಿನ ಸಿರಿಲಿಕ್ ಅಕ್ಷರಗಳಲ್ಲಿ ರಾಣಿ ಅನ್ನಾ ಎಂಬ ರುಜು. ಅವಳ ಕೈಬರಹವೇ, ಅವಳ ಕಡೆಯ ಗುಮಾಸ್ತನದೇ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಹನ್ನೆರಡು ವರ್ಷ ಪರದೇಶದಲ್ಲಿದ್ದರೂ ರುಜು ಮಾತ್ರ ತವರಿನ ಲಿಪಿಯಲ್ಲೇ. ನಾನು ಅವಳ ಪಕ್ಷ.

ಆಮೇಲೆ ಅವಳು ರೌಲ್ ಎಂಬ ಕೌಂಟನನ್ನು ಮದುವೆಯಾದಳು. ಅವನಿಗೆ ಹೆಂಡತಿ ಇದ್ದಳು. ದೊಡ್ಡ ರಂಪವಾಯಿತು. ಇದರಿಂದ ರಾಜನಿಗೆ ತುಂಬಾ ನೋವಾಗಿದೆ ಎಂದು ರಾನ್ಸ್‌ನ ಆರ್ಚ್‌ಬಿಷಪ್ ಪೋಪರಿಗೇ ಬರೆದ. ಆ ಇನ್ನೊಬ್ಬ ಹೆಂಗಸಿನ ಸ್ಥಿತಿ ನೆನೆದರೆ ನನಗೂ ಅನ್ನಾಳನ್ನು ಪೂರ್ತಿ ಹೊಗಳಲು ಮನಸ್ಸು ಬರುವುದಿಲ್ಲ. ನಿನ್ನ ಆ ಊರಿನ ಸಂತ ವಿನ್ಸೆಂಟ್ ಮಠವನ್ನು ಕಟ್ಟಿಸಿದವಳು ಇವಳೇ. ಪ್ರತಿಮೆ ಅಲ್ಲಿರುವುದು ಅದಕ್ಕೇ.

ಇಂಟರ್ನೆಟ್ಟಿನಲ್ಲಿ ಒಂದು ಮಾತು ಓಡಾಡುತ್ತದೆ: ಇಲ್ಲಿ ಮನೆಗಳು ಕತ್ತಲೆ, ಜನ ಸ್ನಾನ ಮಾಡುವುದಿಲ್ಲ ಎಂದು ಅನ್ನಾ ಅಪ್ಪನಿಗೆ ಪತ್ರ ಬರೆದಳಂತೆ. ನಂಬಬೇಡ. ಅಂಥ ಪತ್ರ ಯಾವುದೂ ಇಲ್ಲ. ಅಪ್ಪ 1054ರ ಫೆಬ್ರವರಿಯಲ್ಲಿ ತೀರಿಕೊಂಡ, ಅವಳು ಹೋದ ಮೂರೇ ವರ್ಷಕ್ಕೆ. ಸಾಯುವಾಗ ಗಂಡುಮಕ್ಕಳನ್ನು ಕರೆದು, ಜಗಳವಾಡಿದರೆ ತಾತ ಮುತ್ತಾತರು ಕಷ್ಟಪಟ್ಟು ಗಳಿಸಿದ ನೆಲ ಹಾಳಾಗುತ್ತದೆ ಎಂದು ಬುದ್ಧಿ ಹೇಳಿ, ಊರುಗಳನ್ನು ಹಂಚಿದನಂತೆ. ಸ್ವಂತ ತಮ್ಮ ಸುದಿಸ್ಲಾವನನ್ನು 1036ರಿಂದ ಜೈಲಿನಲ್ಲಿಟ್ಟಿದ್ದವನು ಹೇಳಿದ ಬುದ್ಧಿ! 1073ರಲ್ಲಿ ಮಕ್ಕಳಿಬ್ಬರು ಸೇರಿ ಅಣ್ಣನನ್ನೇ ಕೀವ್‌ನಿಂದ ಓಡಿಸಿದರು.

ಆ 1063ರ ಪತ್ರ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಮೂಲ ಪತ್ರವನ್ನು ಹೊರಗೆ ತೆಗೆಯಲಿಕ್ಕಿಲ್ಲ. ಒಳ್ಳೆಯ ನಕಲಾದರೂ ಸಿಗುತ್ತದಾ ಎಂದು ವಿಚಾರಿಸು. ಸಿಕ್ಕರೆ ಎರಡು ತಗೋ. ಒಂದು ನಿನ್ನ ಅಜ್ಜಿಗೆ, ಈ ಕಥೆ ಕೇಳಿದಾಗಿನಿಂದ ಅವರು ಆ ರುಜು ನೋಡಬೇಕು ಅನ್ನುತ್ತಿದ್ದಾರೆ.

ನಿನ್ನ
ಅಮ್ಮ